ಅಡುಗೆಯವಳಿಗೆ ಬಡಿಸುವವರು ಯಾರು

ಹೋಟೆಲಿನ ಅಡುಗೆಮನೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು 'ನಾಲಿಗೆ ಮೇಡಂ' ಎನ್ನುತ್ತಿದ್ದರು. ಚಮಚದ ತುದಿ ಬಾಯಿಗೆ ತಾಗಿಸಿದಳೆಂದರೆ ಮುಗಿಯಿತು. ಬೆಳ್ಳುಳ್ಳಿ ಅರ್ಧ ನಿಮಿಷ ಮೊದಲೇ ಇಳಿಸಿದ್ದೀರಿ, ಮೆಣಸು ಹಳೇ ಡಬ್ಬದ್ದು ಎಂದು ಸೂಪಿನ ಜಾತಕವನ್ನೇ ಬಿಚ್ಚಿಡುತ್ತಿದ್ದಳು.

ಇಂಥ ಹೆಸರಿನಿಂದ ಅವಳಿಗೆ ಸಿಕ್ಕ ಲಾಭವೆಂದರೆ ಉಪವಾಸ. ದಿನಕ್ಕೆ ಇನ್ನೂರು ಜನರಿಗೆ ಉಣಿಸುವವಳನ್ನು ಊಟಕ್ಕೆ ಕರೆಯುವ ಧೈರ್ಯ ಯಾರಿಗಿದೆ? ಅಕ್ಕನ ಮನೆಗೆ ಹೋದರೆ ಅಕ್ಕ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಿದ್ದಳು. ಗೆಳತಿಯರು "ನೀನೇ ಏನಾದ್ರೂ ಮಾಡ್ಕೊಂಡು ಬಾರೆ" ಅನ್ನುತ್ತಿದ್ದರು. ಗಂಡನಿಗೆ ನೀರು ಕಾಯಿಸುವುದೇ ಬ್ರಹ್ಮವಿದ್ಯೆ. ಇನ್ನು ಅವನ ಅಮ್ಮ, ಎರಡು ವರ್ಷದ ಹಿಂದೆ ಇವರ ಮನೆಗೆ ಬಂದ ದಿನವೇ "ದೊಡ್ಡ ಹೋಟೆಲಿನವರ ಮುಂದೆ ನಾನ್ಯಾಕಮ್ಮ ಸೌಟು ಹಿಡೀಲಿ" ಎಂದು ಕಿಟಕಿ ಪಕ್ಕದ ಕುರ್ಚಿ ಹಿಡಿದವರು ಒಲೆಯ ಕಡೆ ಸುಳಿದಿರಲಿಲ್ಲ. ಸೊಸೆ ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡು, ತಟ್ಟೆ ತೊಳೆದಿಡುತ್ತಿದ್ದರು. ಯಾರಾದರೂ ಒಬ್ಬರು, ಏನಾದರೂ ಸರಿ, ಬೇಯಿಸಿ ತನ್ನ ಮುಂದೆ ಇಡಬಾರದೇ ಎಂದು ಅವಳ ಜೀವ ಹಂಬಲಿಸುತ್ತಿತ್ತು. ಬಾಯಿಬಿಟ್ಟು ಹೇಳಿದರೆ ಜನ ನಕ್ಕಾರು ಎಂದು ಸುಮ್ಮನಿದ್ದಳು.

ಆವತ್ತು ಮಧ್ಯಾಹ್ನ, ಊಟದ ನೂಕುನುಗ್ಗಲಿನ ಹೊತ್ತು. ಒಲೆಗಳೆಲ್ಲ ಉರಿಯುತ್ತಿವೆ, ಫ್ಯಾನು ಬೊಬ್ಬೆ ಹೊಡೆಯುತ್ತಿದೆ, ಸೂಪು ನೋಡಿಕೊಳ್ಳುವ ಮೀಸೆಯಣ್ಣ ಪಾತ್ರೆಗೆ ಕೆನೆ ಸುರಿಯುತ್ತಿದ್ದಾನೆ. ಮೀಸೆಯಣ್ಣನ ಕೈ ಬಲು ಧಾರಾಳ. ತಡೆಯುವವರಿಲ್ಲದಿದ್ದರೆ ಗಿರಾಕಿಗಳು ಸೂಪನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನಬೇಕಾಗುತ್ತಿತ್ತು. ಅಷ್ಟರಲ್ಲಿ ಫೋನು. ನಂಬರು ನೋಡದೆ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. ಯಾರೋ ಏನೋ ಕೇಳಿದರು, ಆ ಗದ್ದಲದಲ್ಲಿ ಕೊನೆಯ "ಲಾ?" ಒಂದೇ ಕಿವಿಗೆ ಬಿತ್ತು. ಇತ್ತ ಮೀಸೆಯಣ್ಣ ಎರಡನೇ ಜಗ್ಗು ಎತ್ತಿದ.

"ಸಾಕು!" ಎಂದು ಕಿರುಚಿದಳು. "ಸಾಕು ಅಂದ್ನಲ್ಲ!"

ಫೋನು ಕಟ್ಟಾಯಿತು. ನೋಡಿದರೆ ಅತ್ತೆಯ ನಂಬರು! ಎರಡು ವರ್ಷದಲ್ಲಿ ಮೊದಲ ಸಲ ಫೋನು ಮಾಡಿದವರ ಬಾಯಿ ಮುಚ್ಚಿಸಿದೆನಲ್ಲ ಎಂದು ಪೇಚಾಡಿಕೊಂಡಳು. ತಿರುಗಿ ಮಾಡಿದರೆ ಎತ್ತಲಿಲ್ಲ. ಮೂರು ಗಂಟೆಗೆ ಪಾಳಿ ಮುಗಿದದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದಳು.

ಕಿಟಕಿ ಪಕ್ಕದ ಕುರ್ಚಿ ಖಾಲಿ. ಬಚ್ಚಲಿನಲ್ಲಿ ನೀರಿನ ಸದ್ದು, ಅತ್ತೆ ಯಾರನ್ನೋ ಗದರಿಸುವ ದನಿ. ಸದ್ಯ, ಕ್ಷೇಮವಾಗಿದ್ದಾರೆ ಎಂದು ಉಸಿರುಬಿಟ್ಟು ತಿರುಗಿದರೆ ಒಲೆಯ ಮೇಲೊಂದು ಪಾತ್ರೆ. ಅವಳು ಇಟ್ಟದ್ದಲ್ಲ! ಮುಚ್ಚಳ ತೆಗೆದಳು. ಮೆತ್ತಗೆ ಬೆಂದ ಅನ್ನ, ಕ್ಯಾರೆಟ್ಟು, ಕೋಳಿಯ ಚೂರು, ಬಿಸಿ ಬಿಸಿ ಹಬೆ. ಬೆಳಗಿನಿಂದ ತಾಳ ಹಾಕುತ್ತಿದ್ದ ಹೊಟ್ಟೆಗೆ ಇನ್ನು ತಾಳ್ಮೆ ಎಲ್ಲಿಂದ ಬರಬೇಕು? ನಿಂತೇ ಒಂದು ಸೌಟು ತಿಂದಳು. ಆಮೇಲೆ ಪಾತ್ರೆಯನ್ನೇ ತಬ್ಬಿಕೊಂಡು ನೆಲಕ್ಕೆ ಕೂತು ಗಬಗಬ ತಿಂದಳು. ಬೇರೆಯವರ ಕೈಯಡುಗೆ! ಖುಷಿಗೆ ಕಣ್ಣಲ್ಲಿ ನೀರೇ ಬಂತು.

ಟವೆಲ್ಲಿನ ಗಂಟೊಂದನ್ನು ಎತ್ತಿಕೊಂಡು ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

"ಅಯ್ಯೋ, ಅದನ್ನ್ಯಾಕೆ ತಿಂದೆ?"

"ಅತ್ತೆ, ಎಂಥಾ ರುಚಿ! ಉಪ್ಪು ಹೇಳಿ ಮಾಡಿಸಿದ ಹಾಗಿದೆ!"

"ಅದಕ್ಕೆ ಉಪ್ಪೇ ಹಾಕಿಲ್ಲಮ್ಮ. ಅದು ಇವನಿಗೆ ಮಾಡಿದ್ದು."

ಟವೆಲ್ಲಿನೊಳಗಿಂದ ಒಂದು ಒದ್ದೆ ಮೂಗು ಹೊರಬಂತು.

"ಬಾಗಿಲಲ್ಲಿ ಕೂತು ಅಳ್ತಿತ್ತು. ನಾಯಿಮರಿ ಸಾಕ್ಲಾ ಅಂತ ನಿನ್ನ ಕೇಳಿದ್ನಲ್ಲ. ನೀನೇ ಸಾಕು, ಸಾಕು ಅಂತ ಎರಡೆರಡು ಸಲ ಅಂದ್ಯಲ್ಲ, ಅದೂ ಅಷ್ಟು ಜೋರಾಗಿ!"

ನಾಯಿಯ ಅನ್ನ ಬಾಯಲ್ಲಿಟ್ಟುಕೊಂಡೇ ಅವಳು ಪಿಳಿಪಿಳಿ ಕಣ್ಣು ಬಿಟ್ಟಳು. ಅತ್ತೆಗೆ ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ. ಗೋಡೆ ಹಿಡಿದುಕೊಂಡು ನಕ್ಕರು. ಆ ಮನೆಗೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು.

"ಉಪ್ಪಿದ್ಯೋ ಇಲ್ವೋ ಗೊತ್ತಾಗ್ಲಿಲ್ವಾ ನಿಂಗೆ? ಈ ನಾಲಿಗೆಗೇನೇ ನಾನು ಎರಡು ವರ್ಷ ಹೆದರ್ಕೊಂಡು ಕೂತಿದ್ದು?"

ನಾಯಿಮರಿಯನ್ನು ಸೊಸೆಯ ಮಡಿಲಿಗೆ ಹಾಕಿ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಕೊಡು ಆ ಪಾತ್ರೆ. ಮನುಷ್ಯರು ತಿನ್ನೋವಂಥದ್ದು ಏನಾದ್ರೂ ಮಾಡ್ತೀನಿ. ಹೇಗೇ ಇದ್ರೂ ತಿನ್ಬೇಕು ಕಣೇ, ತಿಳೀತಾ?"

"ತಿಂತೀನಿ ಅತ್ತೆ."

ಅತ್ತೆ ಈರುಳ್ಳಿಯನ್ನು ಕೈಗೆ ಬಂದಂತೆ ದಪ್ಪ ದಪ್ಪ ಹೆಚ್ಚಿ, ಎಣ್ಣೆ ಕಾಯುವ ಮೊದಲೇ ಬಾಣಲೆಗೆ ಸುರಿದರು. ಅವಳು ನಾಯಿಮರಿಯನ್ನು ತಬ್ಬಿಕೊಂಡು ನೋಡುತ್ತಾ ಕೂತಳು. ತುಟಿ ಪಿಟಕ್ಕೆನ್ನಲಿಲ್ಲ.