ಮೀನು ಬದಲಿಸುವ ಕೆಲಸ

“ಲೇ ಮೀನಮ್ಮ, ಕಣ್ಣು ಎಲ್ಲಿ ಇಟ್ಕೊಂಡಿದೀಯೇ? ತೊಟ್ಟೀಲಿ ಹೆಣ ತೇಲ್ತಾ ಇದೆ, ನೀನು ಆಕಳಿಸ್ತಾ ನಿಂತಿದೀಯ! ತಪಾಸಣೆ ಸಾಹೇಬ್ರು ಬರೋ ಹೊತ್ತಾಯ್ತು. ಎತ್ತೇ ಬೇಗ, ದರಿದ್ರ ಮುಂಡೇದೇ!”

ಮೇಸ್ತ್ರಿಯ ಬೈಗುಳಕ್ಕೆ ತಲೆ ಕೆಡಿಸಿಕೊಳ್ಳುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು. ಮ್ಯಾನೇಜರ್ ಅವನಿಗೆ ಬೈಯುತ್ತಾರೆ, ಅವನು ನನಗೆ ಬೈಯುತ್ತಾನೆ, ನಾನು ಸತ್ತ ಮೀನಿಗೆ ಬೈಯುತ್ತೇನೆ. ಅವನ ಮನೆಯೂ ನಮ್ಮ ಸಾಲಿನಲ್ಲೇ ಇದೆ. ಸಂಜೆ ಗೇಟು ದಾಟಿದ ಮೇಲೆ ಅವನ ಬಾಯಿಯೂ ಸೋತು ಸುಮ್ಮನಾಗುತ್ತದೆ. ಬಲೆ ಕಟ್ಟಿದ ಕೋಲಿನಿಂದ ಸತ್ತವನ್ನು ಎತ್ತಿ ಬಕೆಟ್ಟಿಗೆ ಹಾಕಿದೆ.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ನಮ್ಮದು ಎಂದೆನಲ್ಲ, ಬಾಯಿಮಾತಿಗೆ ಅಷ್ಟೆ. ಬಣ್ಣ ತೊಳೆದ ನೀರು ಹಿತ್ತಲಿನ ದೊಡ್ಡ ತೊಟ್ಟಿಗಳಲ್ಲಿ ಸುತ್ತಿ ಸುತ್ತಿ ಶುದ್ಧವಾಗಿ ಹೊರಗೆ ಹೋಗುತ್ತದೆ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ. ಅದಕ್ಕೆ ಸಾಕ್ಷಿ ಈ ಗಾಜಿನ ತೊಟ್ಟಿ. ಹೊರಗೆ ಹೋಗುವ ನೀರು ಇದರೊಳಗೆ ಹಾದು ಹೋಗಬೇಕು, ಇದರಲ್ಲಿ ಮೀನು ಬದುಕಬೇಕು. ಮೀನು ಬದುಕಿದರೆ ನೀರು ಒಳ್ಳೆಯದು. ಮೀನು ಬದುಕುವುದಿಲ್ಲ, ಅದಕ್ಕೇ ನನಗೆ ಕೆಲಸ ಸಿಕ್ಕಿದೆ. ದಿನಾ ಬೆಳಗ್ಗೆ ಸತ್ತಿದ್ದನ್ನು ಎತ್ತಿ ಹಿಂದಿನ ಡ್ರಮ್ಮಿನಿಂದ ಹೊಸದನ್ನು ಬಿಡುತ್ತೇನೆ. ತಪಾಸಣೆಯ ದಿನ ಮಾತ್ರ ಹೊರನೀರಿನ ವಾಲ್ವ್ ಮುಚ್ಚಿ, ಆಫೀಸಿನವರು ಕುಡಿಯುವ ನೀರಿನ ವಾಲ್ವ್ ಬಿಚ್ಚುತ್ತೇನೆ. ಆ ದಿನ ಮೀನುಗಳು ಕುಣಿಯುತ್ತವೆ.

ಕಾಂಪೌಂಡಿನ ಆಚೆ ನಮ್ಮ ಸಾಲುಮನೆಗಳು. ಚಿಮಣಿಯ ಮಸಿ ಬೀಳುತ್ತದೆಂದು ನಾವು ಬಟ್ಟೆಯನ್ನು ಮನೆಯೊಳಗೇ ಒಣಹಾಕುತ್ತೇವೆ. ಬೋರಿನ ನೀರು ಕೆಟ್ಟು ಮಕ್ಕಳ ಮೈಯೆಲ್ಲ ಕಜ್ಜಿಯಾದಾಗ ಹೆಂಗಸರೆಲ್ಲ ಗೇಟಿಗೆ ಅಡ್ಡ ಮಲಗಿದ್ದೆವು. ಅಂದಿನಿಂದ ಕಂಪನಿ ದಿನಕ್ಕೊಂದು ಟ್ಯಾಂಕರ್ ಕಳಿಸುತ್ತದೆ. ಆ ನೀರಿನಲ್ಲೇ ನಮ್ಮ ಸಾಲು ಬದುಕಿದೆ.

ನಾನು ತೊಟ್ಟಿಯ ಗಾಜು ಒರೆಸುತ್ತಿದ್ದಾಗ ಮ್ಯಾನೇಜರ್ ಮೂಗಿಗೆ ಕರವಸ್ತ್ರ ಹಿಡಿದು ಬಂದರು. ನಾನು ಅಲ್ಲಿ ಇಲ್ಲವೇ ಇಲ್ಲವೆನ್ನುವಂತೆ ಮೇಸ್ತ್ರಿಯ ಹತ್ತಿರ ಮಾತಾಡಿದರು.

“ಇವತ್ತು ನೀರು ಚೆನ್ನಾಗಿದೆ ಅಂತ ರಿಪೋರ್ಟ್ ಬಂದ್ರೆ, ನಾಳೆಯಿಂದ್ಲೇ ಆ ಟ್ಯಾಂಕರ್ ಕಾಟ ತಪ್ಪುತ್ತೆ ನೋಡು.”

ಒರೆಸುತ್ತಿದ್ದ ನನ್ನ ಕೈ ನಿಂತಿತು. “ಸಾರ್, ಟ್ಯಾಂಕರ್ ನಿಂತ್ರೆ ನಾವೇನು ಕುಡಿಯೋದು?”

“ಬೋರ್ ಇದೆಯಲ್ಲಮ್ಮ.”

“ಅದು ಕೆಟ್ಟಿದೆ ಸಾರ್.”

“ಇಲ್ಲಿಂದ ಹೋಗೋ ನೀರೇ ಚೆನ್ನಾಗಿದೆ ಅಂದ್ಮೇಲೆ ನಿಮ್ಮ ಬೋರ್ ಹೇಗಮ್ಮ ಕೆಡುತ್ತೆ? ಮೀನೇ ಬದುಕುತ್ತೆ ಅಂತೆ, ನಿಮಗೇನು ಧಾಡಿ?”

“ಆ ನೀರಲ್ಲಿ ಅಕ್ಕಿ ಬೇಯಿಸಿದ್ರೆ ಅನ್ನ ಹಳದಿ ಆಗುತ್ತೆ ಸಾರ್.”

“ಒಳ್ಳೇದಾಯ್ತಲ್ಲ, ಅರಿಶಿನದ ಖರ್ಚು ಉಳೀತು!”

ಮೇಸ್ತ್ರಿ ಹಲ್ಲು ಕಿರಿದ. ಟ್ಯಾಂಕರ್ ಬರುವ ಮುಂಚೆ ಅವನ ಮನೆಯ ಅನ್ನವೂ ಹಳದಿಯೇ ಆಗುತ್ತಿತ್ತು. ಮ್ಯಾನೇಜರ್ ಹೊರಟುಹೋದರು.

ನನಗೆ ಅತ್ತೆಯ ನೆನಪಾಯಿತು. ಇದೇ ಕಾರ್ಖಾನೆಯ ಬಾಯ್ಲರಿಗೆ ಕಲ್ಲಿದ್ದಲು ಹೊತ್ತವಳು ಅವಳು. ಈಗ ಮಲಗಿದರೆ ಉಸಿರು ಕಟ್ಟುತ್ತದೆಂದು ಹೊಸ್ತಿಲ ಮೇಲೆ ಮಂಡಿಗೆ ಕೈ ಕೊಟ್ಟು, ಬಾಯಿ ತೆರೆದು ಕೂತಿರುತ್ತಾಳೆ. ಬೆಳಗ್ಗೆ ಹೊರಡುವಾಗ, “ಗಾಳಿ ಬಿಟ್ಟಿ ಸಿಗುತ್ತೆ ಅಂತಾರಲ್ಲೇ, ನನಗ್ಯಾಕೆ ಇಷ್ಟು ದುಬಾರಿ ಆಯ್ತು?” ಎಂದು ನಗಲು ಹೋಗಿ ಕೆಮ್ಮಿದ್ದಳು. ಆಗ ಟ್ಯಾಂಕರ್ ನೀರು ಕುಡಿಸಿ, ಬೆನ್ನು ನೀವಿ ಬಂದಿದ್ದೆ. ನಾಳೆ ಏನು ಕುಡಿಸಲಿ?

ಹೊಸ ಮೀನುಗಳನ್ನು ಬಿಟ್ಟೆ. ತೊಟ್ಟಿಯ ಹಿಂದೆ ಹೋದೆ. ತಪಾಸಣೆಗೆಂದು ಆಗಲೇ ಬಿಚ್ಚಿದ್ದ ಆಫೀಸಿನ ನೀರಿನ ವಾಲ್ವ್ ಮುಚ್ಚಿದೆ, ಹೊರನೀರಿನದನ್ನು ಪೂರ್ತಿ ಬಿಚ್ಚಿದೆ. ಆಗ ನನಗೆ ಧೈರ್ಯ ಬಂತು ಎಂದರೆ ಸುಳ್ಳಾಗುತ್ತದೆ. ಸಾಕಾಗಿತ್ತು, ಅಷ್ಟೆ. ದಿನಾ ಹೆಣ ಎತ್ತಿ, ದಿನಾ ಸುಳ್ಳಿಗೆ ಗಾಜು ಒರೆಸಿ ಕೈ ಸೋತುಹೋಗಿತ್ತು.

ಸಾಹೇಬರು ಆಫೀಸಿನ ತಂಪಿನಲ್ಲಿ ಟೀ ಕುಡಿದು, ಹರಟೆ ಮುಗಿಸಿ, ನಿಧಾನವಾಗಿ ಬಂದರು. ದೊಡ್ಡ ತೊಟ್ಟಿಗಳ ನಡುವೆ ಒಬ್ಬರು ಹಾಯುವಷ್ಟೇ ಅಗಲದ ದಾರಿ. ಬೂಟಿಗೆ ಕೊಳಚೆ ತಾಗದಂತೆ ಕಾಲಿಡುತ್ತ ಬಂದು ಗಾಜಿಗೆ ಮುಖ ಹತ್ತಿರ ತಂದರು. ಅಷ್ಟರಲ್ಲಿ ಮೀನುಗಳೆಲ್ಲ ಮೇಲಕ್ಕೆ ಬಂದಿದ್ದವು. ಬಾಯಿ ನೀರಿನಾಚೆ ಚಾಚಿ ಮುಚ್ಚಿ ತೆರೆದು ಮಾಡುತ್ತಿದ್ದವು. ಹೊಸ್ತಿಲ ಮೇಲೆ ನಮ್ಮತ್ತೆ ಮಾಡುವ ಹಾಗೆಯೇ.

“ಇವೇನ್ರೀ, ಎಲ್ಲಾ ಮೇಲೆ ಬಂದು ಬಾಯಿ ಬಿಡ್ತಾ ಇವೆ?”

“ಹಸಿವು ಸಾರ್,” ಎಂದರು ಮ್ಯಾನೇಜರ್. “ಜನ ಕಂಡ್ರೆ ಸಾಕು, ಊಟ ಕೇಳ್ತವೆ.”

ಮೇಸ್ತ್ರಿ ಮೀನಿನ ಕಾಳು ಎರಚಿದ. ಒಂದೂ ಬಾಯಿ ಹಾಕಲಿಲ್ಲ. ಕಾಳು ಹಾಗೆಯೇ ತೇಲಿತು.

“ತಿಂತಾನೇ ಇಲ್ವಲ್ಲ?”

“ಬೆಳಗ್ಗೆ ಹೊಟ್ಟೆ ತುಂಬ ತಿಂದಿವೆ ಸಾರ್.”

ಸಾಹೇಬರಿಗೆ ನಗು ಬಂತು. ಮ್ಯಾನೇಜರೂ ನಕ್ಕರು. ಸಾಹೇಬರು ಮೊಬೈಲ್ ತೆಗೆದು ಫೋಟೋ ಹೊಡೆದರು. “ಹೋಗ್ಲಿ ಬಿಡ್ರಿ. ಜೀವ ಇದೆಯಲ್ಲ, ಅಷ್ಟು ಸಾಕು. ನಡೀರಿ, ಸೈನ್ ಮಾಡಿ ಬಿಡ್ತೀನಿ.”

ಅಷ್ಟು ಸಾಕಂತೆ. ಅವರು ತಿರುಗುವುದರೊಳಗೆ ನಾನು ಆ ಇಕ್ಕಟ್ಟಿನ ದಾರಿಗೆ ಅಡ್ಡವಾಗಿ ಕೂತುಬಿಟ್ಟೆ. ಎರಡೂ ಬದಿಯ ಕಂಬಿ ಹಿಡಿದುಕೊಂಡೆ.

“ಏನಮ್ಮ ಇದು?”

“ಇನ್ನೊಂದು ಸ್ವಲ್ಪ ಹೊತ್ತು ನಿಂತು ನೋಡಿ ಸಾರ್. ಅವಸರ ಇದ್ರೆ ನನ್ನ ದಾಟ್ಕೊಂಡು ಹೋಗಿ.”

“ತಲೆ ಕೆಟ್ಟಿದೆ ಸಾರ್ ಇವಳಿಗೆ,” ಎನ್ನುತ್ತ ಮ್ಯಾನೇಜರ್ ತೊಟ್ಟಿಯ ಹಿಂದೆ ಇಣುಕಿದರು. ಅವರ ಮುಖ ಕಪ್ಪಿಟ್ಟಿತು. “ಎಳೆದು ಹಾಕೋ ಆ ಹಲ್ಕಾ ಮುಂಡೇನ! ವಾಲ್ವ್ ತಿರುಗಿಸಿದಾಳೆ!”

ಮೇಸ್ತ್ರಿ ಬಂದು ರಟ್ಟೆ ಹಿಡಿದ. “ಏಳೇ,” ಎಂದು ಕಿರುಚಿ, ಬಗ್ಗಿ ಕಿವಿಯ ಹತ್ತಿರ ಬೇಡುವ ದನಿಯಲ್ಲಿ, “ಕೆಲಸ ಹೋಗುತ್ತೆ ಕಣೇ, ನನ್ನದೂ ಹೋಗುತ್ತೆ. ದಮ್ಮಯ್ಯ ಏಳು,” ಎಂದ.

“ನಾಳೆ ನಿನ್ನ ಮಕ್ಕಳಿಗೆ ಏನೋ ಕುಡಿಸ್ತೀಯ?”

ಅವನು ರಟ್ಟೆ ಬಿಡಲಿಲ್ಲ. ಎಳೆಯಲೂ ಇಲ್ಲ. ಹಾಗೇ ಹಿಡಿದುಕೊಂಡು ನಿಂತ.

ಮ್ಯಾನೇಜರ್ ಸೆಕ್ಯುರಿಟಿಯವರನ್ನು ಕೂಗುತ್ತಿದ್ದರು. ಸಾಹೇಬರು ನನ್ನ ತಲೆಯ ಮೇಲಿಂದ ದಾರಿ ನೋಡಿದರು, ಗಡಿಯಾರ ನೋಡಿದರು, ಬೇರೆ ನೋಡಲು ಏನೂ ಇಲ್ಲದೆ ಗಾಜಿನ ತೊಟ್ಟಿ ನೋಡಿದರು. ಅಲ್ಲಿ ಒಂದು ಮೀನು ಮಗ್ಗುಲಾಗಿ ಬಿಳಿ ಹೊಟ್ಟೆ ತೋರಿಸಿತು. ಪಕ್ಕದ್ದು ಇನ್ನೂ ಬಾಯಿ ತೆರೆಯುತ್ತಿತ್ತು. ನಾನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.