ಹೂಕೋಸಿನಡಿಯ ಬೆಣ್ಣೆ

ಅನ್ನಾಯಿಕ್ ಕಳ್ಳತನವನ್ನೇನೂ ಮಾಡುತ್ತಿರಲಿಲ್ಲ. ಆದರೆ ಅಂಗಡಿಯ ಕ್ಯಾಮೆರಾದಲ್ಲಿ ಅವಳನ್ನು ನೋಡಿದವರು ಖಂಡಿತ ಹಾಗೆಂದುಕೊಳ್ಳುತ್ತಿದ್ದರು. ಆಚೆ ನೋಡಿದಳು, ಈಚೆ ನೋಡಿದಳು, ಸೊಂಟ ಹಿಡಿದುಕೊಂಡು ಬಗ್ಗಿದಳು, ಪೊಟ್ಟಣವೊಂದನ್ನು ಎತ್ತಿ ತಳ್ಳುಗಾಡಿಯಲ್ಲಿದ್ದ ಹೂಕೋಸಿನ ಕೆಳಗೆ ತುರುಕಿದಳು. ದುಡ್ಡು ಕೊಟ್ಟೇ ಒಯ್ಯುವ ಸಾಮಾನು. ಆದರೂ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಯಾಕೆಂದರೆ ಅದು ಉಪ್ಪಿಲ್ಲದ ಬೆಣ್ಣೆ.

ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಯಲ್ಲಿ ಬೆಣ್ಣೆ ಎಂದರೆ ಉಪ್ಪು ಹಾಕಿದ್ದು. ಗಂಡನನ್ನು ಬಿಟ್ಟು ಓಡಿಹೋದವಳನ್ನು ಊರು ಕ್ಷಮಿಸೀತು, ಚರ್ಚಿಗೆ ಕಾಲಿಡದವಳನ್ನು ಪಾದ್ರಿಯೇ ಕ್ಷಮಿಸಿಯಾನು. ಉಪ್ಪಿಲ್ಲದ ಬೆಣ್ಣೆ ಕೊಂಡವಳ ಕಥೆ ಮಾತ್ರ ಸಂಜೆಯೊಳಗೆ ಬಂದರಿನವರೆಗೆ ಹೋಗಿ ಮುಟ್ಟುತ್ತದೆ. ಅದಕ್ಕೇ ಅನ್ನಾಯಿಕ್ ತನ್ನೂರು ಪ್ಲುಗೆರ್ನೊದ ಅಂಗಡಿಗಳನ್ನೆಲ್ಲ ಬಿಟ್ಟು, ಯಾರ ಪರಿಚಯವೂ ಇಲ್ಲದ ಲಾಂದೆರ್ನೊದವರೆಗೆ ಕಾರು ಓಡಿಸಿಕೊಂಡು ಬಂದಿದ್ದಳು.

ಅಲ್ಲಿನ ಬೆಣ್ಣೆಯ ಕಪಾಟೇ ಎಲ್ಲವನ್ನೂ ಹೇಳುತ್ತಿತ್ತು. ಕಣ್ಣಿನ ಮಟ್ಟದಲ್ಲಿ ಅರೆ ಉಪ್ಪಿನದು, ಪೂರಾ ಉಪ್ಪಿನದು, ಹಲ್ಲಿಗೆ ಕಟಕಟ ಸಿಗುವ ಹರಳುಪ್ಪಿನದು. ಪಕ್ಕದಲ್ಲಿ ಕಾಯಿಸದ ಹಾಲಿನದು, ಮರದ ಕಡೆಗೋಲಿನ ಚಿತ್ರ ಹಾಕಿ ಯಂತ್ರದಲ್ಲಿ ಕಡೆದದ್ದು, ಸಮುದ್ರದ ಪಾಚಿ ಬೆರೆಸಿ ಪ್ರವಾಸಿಗಳ ಜೇಬಿಗೆಂದೇ ತಯಾರಿಸಿದ್ದು. ಅದರ ಕೆಳಗೆ ಅರ್ಧ ನೀರು ತುಂಬಿ 'ಹಗುರ' ಎಂದು ಹೆಸರಿಟ್ಟದ್ದು, ಎಣ್ಣೆ ಸೇರಿಸಿ ಫ್ರಿಜ್ಜಿನಿಂದ ತೆಗೆದ ಕೂಡಲೇ ಹಚ್ಚಲು ಬರುವಂತೆ ಮಾಡಿದ್ದು. ಇವನ್ನೂ ಬೆಣ್ಣೆ ಎನ್ನುವುದಾದರೆ ಮೊಣಕಾಲಿಗೆ ತಿಕ್ಕುವ ಮುಲಾಮನ್ನೂ ಬೆಣ್ಣೆ ಎನ್ನಬಹುದು. ಎಲ್ಲಕ್ಕಿಂತ ಕೆಳಗೆ, ನೆಲ ಒರೆಸುವ ಬಟ್ಟೆ ತಾಗುವ ಜಾಗದಲ್ಲಿ, ಉಪ್ಪಿಲ್ಲದವು ಮುಖ ಮರೆಸಿಕೊಂಡು ಕೂತಿದ್ದವು. ಅವುಗಳಲ್ಲಿ ಹೆಚ್ಚಿನವು ಪೂರ್ವದ ನೆರೆಸೀಮೆ ನಾರ್ಮಂಡಿಯಿಂದ, ಬೆಣ್ಣೆಗೆ ಉಪ್ಪು ಹಾಕದವರ ನಾಡಿನಿಂದ, ಬಂದವು.

ಇಷ್ಟೆಲ್ಲ ಪಾಡು ಗಂಡ ಜಿಲ್ದಾಸನಿಗಾಗಿ. ಏಡಿ ಹಿಡಿಯುವ ದೋಣಿಯಲ್ಲಿ ಆಯುಷ್ಯ ಕಳೆದ ಮನುಷ್ಯ, ಹೋದ ಶರತ್ಕಾಲದಲ್ಲಿ ಜೆಟ್ಟಿಯ ಮೇಲೇ ಎದೆ ಹಿಡಿದುಕೊಂಡು ಕುಸಿದಿದ್ದ. ಬದುಕಿಕೊಂಡ. ಉಪ್ಪನ್ನು, ಅದರಲ್ಲೂ ಆ ಬೆಣ್ಣೆಯನ್ನು ಬಿಡಲೇಬೇಕೆಂದು ಆಸ್ಪತ್ರೆಯ ಡಾಕ್ಟರು ಹೇಳಿದಾಗ ಮಂಚದಲ್ಲೇ ಎದ್ದು ಕೂತಿದ್ದ.

"ಸಿಗರೇಟು ಬಿಡು ಅಂದ್ರಿ, ಬಿಟ್ಟೆ. ವೈನು ಕಮ್ಮಿ ಮಾಡು ಅಂದ್ರಿ, ನೋಡೋಣ ಅಂದೆ. ಈಗ ಬೆಣ್ಣೆಗೇ ಕೈ ಹಾಕ್ತೀರಾ? ತಮ್ಮೂರು ಯಾವುದು ಡಾಕ್ಟ್ರೇ?"

"ಲಿಯೋನ್."

"ಅದೇ ಅಂದ್ಕೊಂಡೆ, ನಮ್ಮ ಕಡೆಯವರಲ್ಲ ಅಂತ," ಎಂದು ಮತ್ತೆ ಮಲಗಿದ.

ಮನೆಗೆ ಬಂದ ಮರುದಿನವೇ ಬ್ರೆಡ್ಡಿನ ಮೇಲೆ ಗಾರೆ ಮೆತ್ತಿದ ಹಾಗೆ ಬೆಣ್ಣೆ ಮೆತ್ತಿಕೊಂಡ. ಅನ್ನಾಯಿಕ್ ಅತ್ತಳು, ಬೈದಳು, ಮಾತು ಬಿಟ್ಟಳು. ಯಾವುದೂ ನಡೆಯಲಿಲ್ಲ. ಆಮೇಲೆ ಅವಳು ಅಳುವುದನ್ನು ನಿಲ್ಲಿಸಿ ತಲೆ ಓಡಿಸಿದಳು. ಅವನು ಬಂದರಿಗೆ ಹೋಗಿ ಸೋಮಾರಿಗಳ ಜೊತೆ ಸರ್ಕಾರವನ್ನು ಬೈಯುವ ಹೊತ್ತಿನಲ್ಲಿ ಉಪ್ಪಿಲ್ಲದ ಬೆಣ್ಣೆಗೆ ತಾನೇ ಒಂದಿಷ್ಟು ಉಪ್ಪು ಕಲಸಿ, ಹಳೆಯ ಉಪ್ಪುಬೆಣ್ಣೆಯ ಬಂಗಾರದ ಬಣ್ಣದ ಕಾಗದದಲ್ಲಿ ಸುತ್ತಿ ಇಡತೊಡಗಿದಳು. ವಾರದಿಂದ ವಾರಕ್ಕೆ ಉಪ್ಪು ಕಡಿಮೆಯಾಯಿತು. ಈ ವಸಂತದ ಹೊತ್ತಿಗೆ ಏನೂ ಉಳಿದಿರಲಿಲ್ಲ, ಬರೀ ಕಾಗದ. ಜಿಲ್ದಾಸ್ ಮಾತ್ರ ದಿನಾ ಬೆಳಿಗ್ಗೆ ಬಾಯಿ ಚಪ್ಪರಿಸಿ, "ಬೆಣ್ಣೆ ಅಂದ್ರೆ ಇದು ಕಣೇ!" ಎನ್ನುತ್ತಿದ್ದ. ಅವನ ರಕ್ತದೊತ್ತಡ ಇಳಿದಿತ್ತು. ಡಾಕ್ಟರು ತಮ್ಮ ಮಾತ್ರೆಗಳೇ ಕಾರಣವೆಂದು ಬೀಗಿದರು. ಬೀಗಲಿ ಬಿಡಿ ಎಂದು ಅವಳು ಸುಮ್ಮನಿದ್ದಳು.

"ಮದಾಂ?"

ಹೂಕೋಸನ್ನು ಸರಿಪಡಿಸುತ್ತಿದ್ದ ಅನ್ನಾಯಿಕಳ ಜೀವ ಬಾಯಿಗೆ ಬಂತು. ಹಿಂದೆ ನಿಂತಿದ್ದವನು ತಿಬೋ, ಮಗಳು ಎನೋರಾಳನ್ನು ಜೂನ್‌ನಲ್ಲಿ ಮದುವೆಯಾಗಲಿದ್ದ ನಾರ್ಮಂಡಿಯ ಹುಡುಗ. ಅವನ ಕಣ್ಣು ತಳ್ಳುಗಾಡಿಯ ಮೇಲೆ. ಹೂಕೋಸು ಉರುಳಿತ್ತು, ಪೊಟ್ಟಣ ಹಲ್ಲು ಕಿರಿಯುತ್ತಿತ್ತು.

"ಉಪ್ಪಿಲ್ಲದ್ದು," ಎಂದ ತಿಬೋ, ಪಿಸುಮಾತಿನಲ್ಲಿ. ಅವನ ಮುಖ ಕೆಂಪಾಯಿತು. "ಭಾನುವಾರ ನಾನು ಊಟಕ್ಕೆ ಬರ್ತೀನಿ ಅಂತ? ನನಗೋಸ್ಕರ ಇಷ್ಟು ದೂರ ಬಂದ್ರಾ?"

"ಮತ್ತೆ ಇನ್ಯಾರಿಗೆ?" ಎಂದಳು.

ಅವನ ಕಣ್ಣಲ್ಲಿ ನೀರು. ಅವಳಿಗೆ ನಾಚಿಕೆಯಾಯಿತು. ಈ ಪೂರ್ವದ ಹುಡುಗನಿಗಾಗಿ ಅವಳು ಇವತ್ತಿನವರೆಗೆ ಒಂದು ಮೊಟ್ಟೆಯನ್ನೂ ಹೆಚ್ಚಿಗೆ ಬೇಯಿಸಿರಲಿಲ್ಲ.

"ಯಾರಿಗೂ ಹೇಳ್ಬೇಡಿ," ಎಂದಳು. "ನಮ್ಮನೆಯವರಿಗಂತೂ ಬೇಡವೇ ಬೇಡ. ಆಯ್ತಾ?"

"ಹೇಳದೇನೂ ಇರಬಹುದು," ಎಂದ ತಿಬೋ. ನಾರ್ಮಂಡಿಯವರ ಬಾಯಲ್ಲಿ ಹೌದು ಅಲ್ಲ ಎಂಬ ಮಾತು ಬರುವುದಿಲ್ಲ. ಮನೆಗೆ ಬೆಂಕಿ ಬಿದ್ದಿದೆಯೇ ಎಂದು ಕೇಳಿದರೂ, ಬಿದ್ದಿರಬಹುದು, ಬೀಳದೇನೂ ಇರಬಹುದು ಎನ್ನುತ್ತಾರೆ. ಅನ್ನಾಯಿಕಳಿಗೆ ಶನಿವಾರವಿಡೀ ಊಟ ಸೇರಲಿಲ್ಲ.

ಭಾನುವಾರ ಏಡಿ ಬೇಯುತ್ತಿತ್ತು, ಮೂಲಂಗಿ, ಬ್ರೆಡ್ಡು ಮೇಜಿನ ಮೇಲಿದ್ದವು, ನಟ್ಟ ನಡುವೆ ಬೆಣ್ಣೆಯ ಬಟ್ಟಲು. ಜಿಲ್ದಾಸನ ಅಕ್ಕ ಮರಿವೊನ್ ಬಂದಿದ್ದಳು. ಅವಳ ಮೂಗಿಗೂ ನಾಲಿಗೆಗೂ ಊರೇ ಹೆದರುತ್ತಿತ್ತು. ಎನೋರಾಳ ಪಕ್ಕದಲ್ಲಿ ಕೂತಿದ್ದ ತಿಬೋ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕಚ್ಚಿದ. ಅಗಿದ. ಮುಖ ಸೂರ್ಯಕಾಂತಿಯಂತೆ ಅರಳಿತು.

"ಮದಾಂ, ತುಂಬಾ ಥ್ಯಾಂಕ್ಸ್!"

"ಯಾತಕ್ಕೆ?" ಎಂದ ಜಿಲ್ದಾಸ್.

"ಬೆಣ್ಣೆಗೆ."

"ನೋಡಿದ್ಯಾ! ನಾರ್ಮಂಡಿಯವನಿಗೂ ಉಪ್ಪಿನ ರುಚಿ ಹತ್ತಿತು!"

"ಯಾವ ಉಪ್ಪು?" ಎಂದ ತಿಬೋ. ಅನ್ನಾಯಿಕ್ ಮೇಜಿನಡಿಯಲ್ಲಿ ಅವನ ಕಾಲು ತುಳಿದಳು. ತಡವಾಗಿತ್ತು. ಮರಿವೊನ್ ಆಗಲೇ ಚಾಕುವಿನ ತುದಿಯಲ್ಲಿ ಬೆಣ್ಣೆ ತೆಗೆದು ನಾಲಿಗೆಗೆ ಇಟ್ಟುಕೊಂಡಿದ್ದಳು.

"ಇದೇನೋ ಜಿಲ್ದಾಸ್? ಗೋಡೆಗೆ ಕಾಗದ ಅಂಟಿಸೋ ಗೋಂದಾ?"

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡ ಅಕ್ಕಾ. ಚಳಿಗಾಲವೆಲ್ಲ ತಿಂದಿರೋದು ಇದನ್ನೇ."

"ಹಾಗಾದ್ರೆ ನಿನ್ನ ನಾಲಿಗೆನ ಆಸ್ಪತ್ರೇಲೇ ಬಿಟ್ಟು ಬಂದಿದೀಯ. ನಾನು ತಂದಿದೀನಲ್ಲ, ಹರಳುಪ್ಪಿಂದು, ಅದನ್ನ ತಿಂದು ನೋಡು."

"ಕಣ್ಣು ಕಟ್ಟಿ ಕೊಟ್ರೂ ನನ್ನ ಬೆಣ್ಣೆ ಯಾವುದು ಅಂತ ಹೇಳ್ತೀನಿ!"

"ಕಟ್ಟೋಣ ಹಾಗಾದ್ರೆ!" ಎಂದಳು ಮರಿವೊನ್. ತಿಬೋ ಎಲ್ಲಿಗೆ ಹೋದರೂ ಚೀಲದಲ್ಲಿ ತನ್ನೂರಿನ ಬೆಣ್ಣೆ ಇಟ್ಟುಕೊಂಡೇ ಹೋಗುವವನು. ಅದೂ ಪರೀಕ್ಷೆಗೆ ಬಂತು. ಬಟ್ಟಲಿನದು ಒಂದು, ಮರಿವೊನ್‌ಳದು ಒಂದು, ತಿಬೋನದು ಒಂದು, ಒಟ್ಟು ಮೂರು ತುಂಡು ಬ್ರೆಡ್ಡು. ಅಡುಗೆಮನೆಯಲ್ಲಿ ಹಚ್ಚಿ ತರುವ ಕೆಲಸ ತಿಬೋಗೆ. "ನಮ್ಮೋರನ್ನ ನಂಬೋಕಾಗಲ್ಲ," ಎಂದಳು ಮರಿವೊನ್.

ಬ್ರೆಡ್ಡು ಕತ್ತರಿಸುವ ನೆಪದಲ್ಲಿ ಅನ್ನಾಯಿಕ್ ಅವನ ಹಿಂದೆಯೇ ಓಡಿದಳು.

"ನಿಮಗೆ ಸುಳ್ಳು ಹೇಳಿದೆ," ಎಂದಳು. "ಅದು ನಿಮಗೋಸ್ಕರ ಅಲ್ಲ. ಅವರ ಎದೆಗೋಸ್ಕರ. ಚಳಿಗಾಲದಿಂದ ಕದ್ದು ತಿನ್ನಿಸ್ತಿದೀನಿ. ಇವತ್ತು ಗೊತ್ತಾದ್ರೆ ನಾಳೆಯಿಂದ ಮತ್ತೆ ಆ ಉಪ್ಪು ಮೆತ್ಕೋತಾರೆ. ನಾನು ಅವರನ್ನ ಮಣ್ಣು ಮಾಡಿ ಬರಬೇಕಾಗುತ್ತೆ."

ತಿಬೋ ಚಾಕು ಹಿಡಿದೇ ನಿಂತ. ತನಗಾಗಿ ಅಲ್ಲ ಎಂಬುದರಿಂದ ಅವನಿಗೆ ನೋವಾಯಿತು, ಮುಖದಲ್ಲೇ ಕಂಡಿತು.

"ಏನು ಮಾಡ್ತೀರಾ?"

"ಏನಾದ್ರೂ ಮಾಡಬಹುದು," ಎಂದ. "ಮಾಡದೇನೂ ಇರಬಹುದು."

ಕೈಯಲ್ಲಿದ್ದ ಬ್ರೆಡ್ಡಿನಿಂದಲೇ ತಲೆಗೆ ಒಂದು ಬಿಡೋಣ ಎನ್ನಿಸಿತು ಅವಳಿಗೆ.

ಪಾತ್ರೆ ಒರೆಸುವ ಬಟ್ಟೆಯಿಂದ ಜಿಲ್ದಾಸನ ಕಣ್ಣು ಕಟ್ಟಿದರು. ಮೊದಲನೆಯ ತುಂಡು ತಿಬೋನ ಬೆಣ್ಣೆ. ಜಿಲ್ದಾಸ್ ಅಗಿದು, ನುಂಗಿ, ಮುಂದಿನದಕ್ಕೆ ಕೈ ಚಾಚಿದ. ಎರಡನೆಯದು ಮರಿವೊನ್‌ಳ ಹರಳುಪ್ಪಿನದು. ಅನ್ನಾಯಿಕ್ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುದುಕನ ಹಲ್ಲಿಗೆ ಉಪ್ಪಿನ ಹರಳು ಸಿಕ್ಕ ಸದ್ದು ಅವಳಿಗೇ ಕೇಳಿಸಿತು.

ದವಡೆ ನಿಂತಿತು. ತಿರುಗಿ ಅಗಿಯತೊಡಗಿತು, ನಿಧಾನವಾಗಿ.

"ಇನ್ನೂ ಗೊತ್ತಾಗ್ಲಿಲ್ಲ," ಎಂದ. ಇನ್ನೊಂದು ತುತ್ತು ಕಚ್ಚಿದ. "ಸ್ವಲ್ಪ ಅನುಮಾನ," ಎಂದ. ಉಳಿದದ್ದನ್ನೂ ಬಾಯಿಗೆ ಹಾಕಿಕೊಂಡು, ಬೆರಳು ನೆಕ್ಕಿ, ಮೇಜಿನ ಬಟ್ಟೆಯ ಮೇಲೆ ಉದುರಿದ ಚೂರನ್ನು ತಡಕಾಡಿ ಎತ್ತಿ ಅದನ್ನೂ ತಿಂದ. ಮೂರನೆಯದನ್ನು, ಬಟ್ಟಲಿನದನ್ನು, ತುದಿಯಲ್ಲಿ ಕಡಿದು ಬಿಟ್ಟ.

"ಮೂರನೇದೇ ನಮ್ಮದು! ಬೆಣ್ಣೆ ಅಂದ್ರೆ ಇದು. ಮೊದಲನೇದು ಅಕ್ಕ ತಂದಿದ್ದು. ಎರಡನೇದಿದೆಯಲ್ಲ, ಥೂ, ಅದೇ ನಾರ್ಮಂಡಿದು. ಉಪ್ಪೂ ಇಲ್ಲ, ಸಪ್ಪೆ ಅಂದ್ರೆ ಸಪ್ಪೆ. ದನಕ್ಕೂ ಹಾಕಬಾರದು."

ಮರಿವೊನ್ ಎದ್ದು ನಿಂತಳು. "ಆಗೋಕೇ ಸಾಧ್ಯ ಇಲ್ಲ! ಏನಪ್ಪಾ ತಿಬೋ, ಹಚ್ಚಿದೋನು ನೀನು. ಇವನು ಹೇಳಿದ್ದು ಸರಿನಾ, ತಪ್ಪಾ? ನಿಮ್ಮೂರ ಥರ ಸುತ್ತಿ ಬಳಸಿ ಹೇಳ್ಬೇಡ."

ತಿಬೋ ಎನೋರಾಳನ್ನು ನೋಡಿದ, ತನ್ನೂರಿನ ಬೆಣ್ಣೆಯ ಪೊಟ್ಟಣವನ್ನು ನೋಡಿದ, ಅನ್ನಾಯಿಕಳನ್ನು ನೋಡಿದ.

"ಸರಿ," ಎಂದ. "ಮೂರಕ್ಕೆ ಮೂರೂ ಸರಿ."

ಎನೋರಾಳ ಕೈಯಿಂದ ಚಮಚ ಬಿತ್ತು. ಪರಿಚಯವಾದಾಗಿನಿಂದ ಅವನು ಯಾವುದಕ್ಕೂ ಇಷ್ಟು ಚಿಕ್ಕ ಉತ್ತರ ಕೊಟ್ಟಿರಲಿಲ್ಲ. ತಾನೇ ಖುದ್ದಾಗಿ ತಿಂದು ನೋಡುತ್ತೇನೆಂದು ಮರಿವೊನ್ ತಟ್ಟೆಗೆ ಕೈ ಹಾಕಿದಳು. ಎರಡನೆಯ ತುಂಡಿನ ಜಾಗದಲ್ಲಿ ಒಂದು ಚೂರೂ ಇರಲಿಲ್ಲ.

ಆಗ ಅನ್ನಾಯಿಕಳಿಗೆ ಹೊಳೆಯಿತು. ಸಪ್ಪೆ, ದನಕ್ಕೂ ಹಾಕಬಾರದು ಎಂದ ತುಂಡನ್ನು ಯಾರಾದರೂ ಬೆರಳು ನೆಕ್ಕಿ ತಿನ್ನುತ್ತಾರೆಯೇ? ಇವನಿಗೆ ಗೊತ್ತಿದೆ. ಇವತ್ತಲ್ಲ, ಮೊದಲಿನಿಂದಲೂ ಗೊತ್ತಿದೆ. ಚಳಿಗಾಲದ ಒಂದೊಂದು ಬೆಳಿಗ್ಗೆಯೂ ಆ ಗೋಂದನ್ನು ತಿಂದು, ಬೆಣ್ಣೆ ಅಂದ್ರೆ ಇದು ಎಂದದ್ದು ನಾಲಿಗೆ ಸತ್ತಿದ್ದಕ್ಕಲ್ಲ. ತಾನು ಅಳುವುದನ್ನು ಮತ್ತೆ ನೋಡಲಾರದೆ. ಡಾಕ್ಟರ ಮುಂದೆ ಸೋಲದ ಹಟಮಾರಿ, ತನ್ನ ಮುಂದೆ ಸದ್ದಿಲ್ಲದೆ ಸೋತಿದ್ದ. ಅವಳಿಗೆ ಅವನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು, ಅಷ್ಟೇ ಸಿಟ್ಟೂ ಬಂತು. ಲಾಂದೆರ್ನೊಗೆ ಸುಟ್ಟ ಪೆಟ್ರೋಲಾದರೂ ಉಳಿಯುತ್ತಿತ್ತಲ್ಲ ಮುದುಕಾ!

ಊಟ ಮುಗಿಯಿತು. ಸೋಲು ಜೀರ್ಣವಾಗದ ಮರಿವೊನ್ ತನ್ನ ಬೆಣ್ಣೆಯನ್ನು ವಾಪಸ್ ಚೀಲಕ್ಕೆ ಹಾಕಿಕೊಂಡು ಹೊರಟಳು. ಜಿಲ್ದಾಸನ ಕಣ್ಣು ಆ ಚೀಲದ ಹಿಂದೆ ಗೇಟಿನವರೆಗೂ ಹೋಯಿತು. ಕಾರು ಹತ್ತುತ್ತಿದ್ದ ತಿಬೋನ ಹೆಗಲ ಮೇಲೆ ಅವನು ಕೈ ಹಾಕಿದ.

"ನಿಮ್ಮೂರ ಬೆಣ್ಣೆ ಬಹಳ ಕೆಟ್ಟದಾಗಿದೆ ಹುಡುಗಾ."

"ಇರಬಹುದು," ಎಂದ ತಿಬೋ.

"ಎಷ್ಟು ಕೆಟ್ಟದು ಅಂತ ಒಂದೇ ಸಲಕ್ಕೆ ಹೇಳೋಕಾಗಲ್ಲ. ಬರೋ ಭಾನುವಾರ ಮತ್ತೆ ತಗೊಂಬಾ. ಎರಡನೇ ತುಂಡಿಗೆ ಹಚ್ಚಿದ್ಯಲ್ಲ, ಅದನ್ನೇ. ಬೇರೆ ಗೀರೆ ತರಬೇಡ."

ತಿಬೋ ಬಾಗಿಲಲ್ಲಿ ನಿಂತಿದ್ದ ಅನ್ನಾಯಿಕಳ ಮುಖ ನೋಡಿದ. "ತರಲಾ ಅತ್ತೆ?" ಎಂದ. ಅವನು ಅವಳನ್ನು ಅತ್ತೆ ಎಂದು ಕರೆದದ್ದು ಅದೇ ಮೊದಲು.

ಜಿಲ್ದಾಸ್ ತಿರುಗಿ ನೋಡಲಿಲ್ಲ. ಅವನ ಕಿವಿ ಮಾತ್ರ ಕೆಂಪಾಗಿತ್ತು. ಅನ್ನಾಯಿಕ್ ಒಂದು ಗಳಿಗೆ ಕಾಯಿಸಿದಳು. ಅಷ್ಟಾದರೂ ಕಾಯಿಸದಿದ್ದರೆ ಅವಳ ಮನಸ್ಸಿಗೆ ಸಮಾಧಾನವಿರುತ್ತಿರಲಿಲ್ಲ.

"ಒಂದೇ ತುಂಡು," ಎಂದಳು. "ಹಚ್ಚೋದು ನಾನು."

"ತೆಳ್ಳಗೆ ಹಚ್ಚೇ," ಎಂದ ಜಿಲ್ದಾಸ್, ಸಮುದ್ರದ ಕಡೆ ನೋಡುತ್ತ. "ಅದನ್ನ ಜಾಸ್ತಿ ತಿನ್ನೋಕೆ ನನ್ನ ಕೈಲಾಗಲ್ಲ."