ಬಾರಿಸದ ಎರಡನೇ ಗಂಟೆ

ನಾನೊಂದು ಕೈಗಂಟೆ. ಹಿತ್ತಾಳೆಯ ಮೈ, ಕಟ್ಟಿಗೆಯ ಹಿಡಿ, ಬಾಯೊಳಗೊಂದು ಕಬ್ಬಿಣದ ನಾಲಗೆ. ಗಂಟೆಗೆ ನಾಲಗೆಯೇ ಆಸ್ತಿ. ಆ ಆಸ್ತಿಗೇ ಬಟ್ಟೆ ಸುತ್ತಿ, ಕಾಲೇಜಿನ ಆಟದ ಸಾಮಾನಿನ ಕಪಾಟಿನಲ್ಲಿ, ಗಾಳಿ ಹೋದ ವಾಲಿಬಾಲಿನ ಪಕ್ಕ ನನ್ನನ್ನು ಕೂಡಿಹಾಕಿದ್ದಾರೆ. ವಾಲಿಬಾಲಿಗೆ ಮಾತು ಬರುವುದಿಲ್ಲ. ಹಾಗಾಗಿ ನಿಮ್ಮ ಹತ್ತಿರವೇ ಹೇಳಿಕೊಳ್ಳುತ್ತೇನೆ, ಕೇಳಿ.

ನಾನು ಹುಟ್ಟಿದ್ದು ಘಟಪ್ರಭಾ ದಂಡೆಯ ಒಂದು ಊರಿನಲ್ಲಿ. ಎರಕ ಹೊಯ್ದವನು ಕಂಚಗಾರ ಮೌನಪ್ಪ. ಗಂಟೆ ಮಾಡುವವನ ಹೆಸರು ಮೌನಪ್ಪ, ಎಂಥ ಚೆಂದ ನೋಡಿ! ಅವನ ಮೂಸೆಯಲ್ಲಿ ಕರಗಿ ನಾನಾದದ್ದು ಒಂದು ತೂತು ತಂಬಿಗೆ, ಎರಡು ಹಳೇ ನಲ್ಲಿ, ಮತ್ತೆ ಒಂದು ಚೀಲ ಖಾಲಿ ತೋಟಾ. ಸಿಪಾಯಿಗಳು ಗುರಿ ಕಲಿಯುವ ಚಾಂದಮಾರಿ ಮೈದಾನದಲ್ಲಿ ಗುಂಡು ಹಾರಿದ ಮೇಲೆ ಬಿದ್ದಿರುತ್ತವಲ್ಲ, ಆ ಹಿತ್ತಾಳೆಯ ಕೊಳವೆಗಳು. ಅಂದರೆ ನನ್ನ ಮೈಯ ಮುಕ್ಕಾಲು ಪಾಲು ನಾನು ಹುಟ್ಟುವ ಮೊದಲೇ ಒಮ್ಮೆ ಸದ್ದು ಮಾಡಿ ಬಂದದ್ದು. ಮೌನಪ್ಪ ನನ್ನನ್ನು ಮೊದಲ ಸಲ ಅಲ್ಲಾಡಿಸಿ, "ಹಾ, ಇದರ ದನಿ ದೂರ ಹೋಗತೈತಿ" ಅಂದ.

ದೂರವೇ ಹೋಯಿತು. ನನ್ನನ್ನು ಕೊಂಡವನು ಐಸ್‌ಕ್ಯಾಂಡಿ ಮಾರುವ ದಸ್ತಗೀರಸಾಬ. ಅಬ್ಬಾ, ಅವು ದಿನಗಳು! ಸೈಕಲ್ಲಿನ ಹ್ಯಾಂಡಲ್ ಮೇಲೆ ಕೂತು ಹತ್ತು ಹಳ್ಳಿ ತಿರುಗಿದೆ. ನಾನು ಒಮ್ಮೆ ಕೂಗಿದರೆ ಸಾಕು, ಉಣ್ಣುವ ತಾಟು ಬಿಟ್ಟು, ಚಡ್ಡಿ ಹಿಡಿದುಕೊಂಡು ಮಕ್ಕಳು ಓಡಿ ಬರುತ್ತಿದ್ದವು. ತಾಯಂದಿರು ನನ್ನನ್ನು ಬಾಯಿ ತುಂಬ ಬೈಯುತ್ತಿದ್ದರು. ಬೈಸಿಕೊಂಡರೂ ಅಷ್ಟು ಖುಷಿಯಾಗಿ ನಾನು ಮತ್ತೆಂದೂ ಇರಲಿಲ್ಲ.

ದಸ್ತಗೀರಸಾಬನ ಮೊಣಕಾಲು ಸೋತವು. ಸೈಕಲ್ಲು ಗೋಡೆಗೊರಗಿತು. ಒಂದು ದಿನ ಹಂಪಿಹೊಳಿ ಸರ್ ಬಂದರು. ಚಿಕ್ಕಂದಿನಲ್ಲಿ ಇದೇ ಸಾಬರ ಕ್ಯಾಂಡಿ ಚೀಪಿ ಬೆಳೆದವರು, ಈಗ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವರು. "ಸಾಬರ, ಚರ್ಚಾಸ್ಪರ್ಧೆಗೆ ಒಂದು ಗಂಟಿ ಬೇಕಾಗೇತ್ರಿ" ಅಂದರು. ಸಾಬ ನನ್ನನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟ. ಪಾಪ, ಒಳ್ಳೆಯ ಮನೆಗೆ ಕೊಡುತ್ತಿದ್ದೇನೆ ಅಂದುಕೊಂಡ.

ಕಾಲೇಜಿನಲ್ಲಿ ನನ್ನ ಕೆಲಸ ಏನು ಗೊತ್ತೇ? ಮಾತಾಡುವವರ ಬಾಯಿ ಮುಚ್ಚಿಸುವುದು! ನಾಲ್ಕು ನಿಮಿಷಕ್ಕೆ ಮೊದಲನೇ ಗಂಟೆ, ಅದು ಎಚ್ಚರಿಕೆ. ಐದಕ್ಕೆ ಎರಡನೆಯದು, ಅಲ್ಲಿಗೆ ನಿಲ್ಲಿಸಬೇಕು. ಎಷ್ಟು ಹುಡುಗ ಹುಡುಗಿಯರು ನನ್ನ ಸದ್ದಿಗೆ ಬೆಚ್ಚಿ, ಅರ್ಧ ಮಾತು ಬಾಯಲ್ಲೇ ಇಟ್ಟುಕೊಂಡು ಇಳಿದು ಹೋದರೋ! ಮಕ್ಕಳನ್ನು ಕರೆದು ಅಭ್ಯಾಸವಾದ ದನಿ ಇದು. ಮಕ್ಕಳನ್ನು ಅಟ್ಟುವ ಕೆಲಸಕ್ಕೆ ಬಿತ್ತು. ಇದೂ ವರ್ಷಕ್ಕೊಂದು ದಿನ. ಉಳಿದ ದಿನ ನಾಲಗೆಗೆ ಬಟ್ಟೆ, ಕಪಾಟಿಗೆ ಬೀಗ.

ನನ್ನನ್ನು ಬಾರಿಸುತ್ತಿದ್ದವನು ಕಾಲೇಜಿನ ಜವಾನ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದು ಇಲ್ಲಿ ನೌಕರಿ ಹಿಡಿದವನು. ಅಲ್ಲಿಯೂ ಜವಾನ, ಇಲ್ಲಿಯೂ ಜವಾನ. ಅಲ್ಲಿ ಕೋವಿ, ಇಲ್ಲಿ ಚಹದ ಕಿಟ್ಲಿ. ಎಲ್ಲರೂ ಅವನನ್ನು "ಮಿಲಿಟರಿ" ಅಂತಲೇ ಕರೆಯುತ್ತಿದ್ದರು. ಬಲಗೈಯಲ್ಲಿ ಎರಡು ಬೆರಳಿಲ್ಲ. ಕೇಳಿದವರಿಗೆ "ಕಬ್ಬಿನ ಗಾಣಕ್ಕ ಸಿಕ್ಕಿದ್ವು" ಅನ್ನುತ್ತಿದ್ದ. ಆದರೆ ಹೊತ್ತಿನ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಹನ್ನೊಂದು ವರ್ಷದಲ್ಲಿ ಒಂದು ಸೆಕೆಂಡು ಆಚೆ ಈಚೆ ಆಗಿರಲಿಲ್ಲ.

ಆ ವರ್ಷ ಗಡಿಯಲ್ಲಿ ಗದ್ದಲ ಎದ್ದಿತ್ತು. ಹಂಪಿಹೊಳಿ ಸರ್ ವಿಷಯ ಇಟ್ಟರು: "ಶಾಂತಿ ಬೇಕಾದರೆ ಯುದ್ಧ ಅನಿವಾರ್ಯ." ಪ್ರತಿ ಕಾಲೇಜಿನಿಂದ ಪರ ಒಬ್ಬರು, ವಿರೋಧ ಒಬ್ಬರು. ನಾಲ್ಕು ವರ್ಷದಿಂದ ಶೀಲ್ಡು ನಮ್ಮಲ್ಲೇ ಇತ್ತು. ಐದನೇ ಸಲ ಗೆದ್ದರೆ ಕಾಯಂ ನಮ್ಮದು. ಪರ ಮಾತಾಡಲು ಸರ್ ಆರಿಸಿದ್ದು ಪಿಯುಸಿ ಎರಡನೇ ವರ್ಷದ ಶಿವಲೀಲಾಳನ್ನು. ಗಾಣಿಗೇರ ಮನೆತನದ ಹುಡುಗಿ, ಉದ್ದ ಜಡೆ, ಗಟ್ಟಿ ದನಿ. ಅವಳ ಅಣ್ಣ ಅಡಿವೆಪ್ಪ ಅದೇ ಗಡಿಯಲ್ಲಿದ್ದ.

"ಸರ್, ನಾ ವಿರೋಧ ಮಾತಾಡ್ತೇನ್ರಿ" ಅಂದಳು ಹುಡುಗಿ.

"ಹುಚ್ಚಿ! ನಿಮ್ಮಣ್ಣ ಮಿಲಿಟರಿಯೊಳಗ ಅದಾನ. ನೀ ವಿರೋಧ ನಿಂತ್ರ ಮಂದಿ ಏನಂದಾರು? ಅಣ್ಣನ ಹೆಸರು ಒಂದು ಸಲ ತಗೋ, ಶೀಲ್ಡ್ ನಮ್ದ."

ಸರ್ ಕೆಟ್ಟವರಲ್ಲ. ಭಾಷಣ ತಾವೇ ಬರೆದು ಕೊಟ್ಟರು. ಕಂಠಪಾಠ ಮಾಡಲು ಆಟದ ಸಾಮಾನಿನ ಕೋಣೆ ಬಿಟ್ಟುಕೊಟ್ಟರು, ಹೊತ್ತು ನೋಡಲು ಮಿಲಿಟರಿಯನ್ನು ಕೂಡಿಸಿದರು. ನನ್ನನ್ನೂ ಹೊರಗೆ ತೆಗೆದರು. ಅಲ್ಲಿ ನಾವು ಮೂವರು. ನನ್ನ ನಾಲಗೆಯ ಬಟ್ಟೆ ಬಿಚ್ಚಿದ್ದರು. ಅವಳ ನಾಲಗೆಗೆ ಅದೇ ಆಗಷ್ಟೇ ಸುತ್ತಿದಂತಿತ್ತು.

ಹುಡುಗಿ ಶುರುಮಾಡಿದಳು: "ವೈರಿಯ ಗುಂಡಿಗೆ ಎದೆಯೊಡ್ಡಿ ನಿಂತಿದ್ದಾನೆ ನಮ್ಮ ಜವಾನ..."

ಬಾಗಿಲ ಬಳಿ ತೂಕಡಿಸುತ್ತಿದ್ದ ಮಿಲಿಟರಿ ದಡಬಡಿಸಿ ಎದ್ದು ನಿಂತ. "ಕರದ್ರೇನ್ರಿ? ಚಾ ತರ್ಲೇನ್ರಿ?"

ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಅವನೂ ನಕ್ಕ. ನಗುತ್ತ ನಗುತ್ತ ಅವಳು ಭಾಷಣದ ಹಾಳೆ ಕೆಳಗಿಟ್ಟಳು. ಆಮೇಲೆ ಕೇಳಿದಳು, "ಕಾಕಾ, ನಿಮ್ಮ ಹೆಸರೇನ್ರಿ?"

"ಯಾವ ಕಾಗದಕ್ಕ ಬೇಕಾಗೇತಿ?"

"ಕಾಗದಕ್ಕಲ್ಲರಿ. ಸುಮ್ನ."

ಸುಮ್ಮನೆ ಯಾರೂ ಅವನ ಹೆಸರು ಕೇಳಿರಲಿಲ್ಲ ಅಂತ ಕಾಣುತ್ತದೆ. ಅವನು ಹೇಳಿದ, "ಯಮನಪ್ಪ. ಯಮನಪ್ಪ ಸಿದ್ದಪ್ಪ ಕಳ್ಳಿಗುದ್ದಿ." ಹೆಸರು ಹೇಳಿದ ಮೇಲೆ ಬೆರಳಿನ ಕತೆಯನ್ನೂ ಹೇಳಿದ. "ಗಾಣ ಅಲ್ಲ, ತಂಗಿ. ಗುಂಡೂ ಅಲ್ಲ. ಹಿಮಕ್ಕ ಹೋದ್ವು. ಗುಡ್ಡದ ಮ್ಯಾಲ ನಾಲ್ಕು ತಿಂಗಳ ಕುಂತಿದ್ದೆ. ವೈರಿ ಮಾರಿ ಒಂದು ದಿನ ನೋಡ್ಲಿಲ್ಲ. ಥಂಡಿ ಒಂದ ನಮ್ಮ ವೈರಿ. ಹಿಂಗ ಹೇಳಿದ್ರ ಮಂದಿಗೆ ರುಚಿ ಹತ್ತಂಗಿಲ್ಲ, ಅದಕ್ಕ ಗಾಣ ಅಂತೇನಿ."

"ನಮ್ಮಣ್ಣನೂ ಗುಡ್ಡದ ಮ್ಯಾಲ ಅದಾನ್ರಿ. ಫೋನ್ ಇಲ್ಲ, ಎಂಟು ದಿನ ಆತು."

"ಬರ್ತೈತಿ, ಯವ್ವಾ" ಅಂದ ಯಮನಪ್ಪ. ಅದನ್ನು ಹೇಳುವಾಗ ಅವಳ ಮುಖ ನೋಡಲಿಲ್ಲ, ನನ್ನನ್ನು ಒರೆಸುತ್ತಿದ್ದ. ಒರೆಸಿದ ಜಾಗವನ್ನೇ ಮೂರು ಬೆರಳಿನಿಂದ ಮತ್ತೆ ಮತ್ತೆ ಒರೆಸಿದ.

ಸ್ಪರ್ಧೆಯ ದಿನ ಬಂತು. ಹನ್ನೊಂದನೇ ದಿನ, ಇನ್ನೂ ಫೋನಿಲ್ಲ. ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಪಕ್ಕದ ಮೇಜಿನ ಮೇಲೆ ನಾನು, ನನ್ನ ಹಿಂದೆ ಯಮನಪ್ಪ, ಅವನ ಮುಂದೆ ಗಡಿಯಾರ. ಎದುರು ಮೂವರು ನಿರ್ಣಾಯಕರು. ನನ್ನ ಜಾಗದಿಂದ ಶಿವಲೀಲಾಳ ಚಪ್ಪಲಿ, ಲಂಗದ ಅಂಚು, ಮಡಚಿದ ಮುಷ್ಟಿ ಮಾತ್ರ ಕಾಣುತ್ತಿತ್ತು.

ನಾಲ್ಕು ನಿಮಿಷ ಸರ್ ಬರೆದುಕೊಟ್ಟದ್ದನ್ನು ಅಕ್ಷರ ತಪ್ಪದೆ ಒಪ್ಪಿಸಿದಳು. ರಕ್ತ, ಕೆಚ್ಚು, ಸಿಂಹಗರ್ಜನೆ, ಎಲ್ಲ ಇತ್ತು. "ನನ್ನ ಅಣ್ಣ" ಅಂದಾಗ ಚಪ್ಪಾಳೆಯೋ ಚಪ್ಪಾಳೆ. ಹಂಪಿಹೊಳಿ ಸರ್ ಕಣ್ಣೊರೆಸಿಕೊಂಡರು. ಯಮನಪ್ಪ ನನ್ನನ್ನೆತ್ತಿ ಮೊದಲನೇ ಗಂಟೆ ಬಾರಿಸಿದ.

ಹುಡುಗಿ ನಿಂತುಬಿಟ್ಟಳು. ಮರೆತಳೇ? ಸಭೆಯಲ್ಲಿ ಗುಸುಗುಸು ಎದ್ದಿತು. ಅವಳ ಮುಷ್ಟಿ ಬಿಚ್ಚಿತು.

"ಇಷ್ಟೊತ್ತು ಜವಾನ ಜವಾನ ಅಂದೆ. ನೀವು ಚಪ್ಪಾಳಿ ಹೊಡದ್ರಿ. ಇಲ್ಲೇ ಒಬ್ರು ಜವಾನರು ಅದಾರ, ಈಗ ಗಂಟಿ ಹೊಡದ್ರಲ್ಲ, ಅವರು. ಅವರ ಹೆಸರು ಯಾರಿಗೆರೆ ಗೊತ್ತೈತೇನ್ರಿ?"

"ಮಿಲಿಟರಿ!" ಅಂತ ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

"ಯಮನಪ್ಪ ಸಿದ್ದಪ್ಪ ಕಳ್ಳಿಗುದ್ದಿ" ಅಂದಳು ಅವಳು. ನಗು ನಿಂತಿತು. "ನನಗೂ ಮೂರು ದಿನದ ಹಿಂದ ಗೊತ್ತಾತು. ಟಿವಿಯೊಳಗ ನಮ್ಮಣ್ಣಗ ಜವಾನ ಅಂತಾರ. ಮನ್ಯಾಗ ಅಂವ ಅಡಿವೆಪ್ಪ. ಬದನಿಕಾಯಿ ಪಲ್ಲೆ ಮಾಡಿದ್ರ ಎದ್ದು ಹೋಗ್ತಾನ. ಹನ್ನೊಂದು ದಿನ ಆತು, ಫೋನಿಲ್ಲ. ನಮ್ಮವ್ವ ದಿನಾ ಅವನ ಪಾಲಿನ ರೊಟ್ಟಿ ಬಡೀತಾಳ, ಸಂಜಿಕ ಅದನ್ನ ಎಮ್ಮಿಗೆ ಹಾಕ್ತಾಳ."

ಗಡಿಯಾರದ ಮುಳ್ಳು ಐದಕ್ಕೆ ಬಂತು. ಯಮನಪ್ಪ ನನ್ನನ್ನು ಎತ್ತಿದ. ಅಯ್ಯೋ ಶಿವನೇ, ಬೇಡಪ್ಪಾ, ಇವತ್ತೊಂದು ದಿನ ಬೇಡ ಅಂತ ನಾನು ಬೇಡಿಕೊಂಡೆ. ಆದರೆ ಎತ್ತಿದ ಕೈ ಅಲ್ಲಾಡಿದರೆ ನಾನು ಕೂಗಲೇಬೇಕು. ನನಗೆ ಬೇರೆ ದಾರಿಯೇ ಇಲ್ಲ, ನನ್ನನ್ನು ಮಾಡಿದ್ದೇ ಹಾಗೆ.

ಆಗ ನನ್ನ ಬಾಯೊಳಗೆ ಒಂದು ಬೆರಳು ಬಂತು. ಬಲಗೈಯ ಉಳಿದ ಮೂರರಲ್ಲಿ ಒಂದು. ಅದು ನನ್ನ ನಾಲಗೆಯನ್ನು ಗಟ್ಟಿಯಾಗಿ ಹಿಡಿಯಿತು.

"ಯುದ್ಧ ಬ್ಯಾಡ ಅಂದ್ರ ಹೇಡಿ ಅಂತೀರಿ" ಹುಡುಗಿ ಹೇಳುತ್ತಲೇ ಇದ್ದಳು. "ಬೇಕು ಅಂದ್ರ ಶೀಲ್ಡ್ ಕೊಡ್ತೀರಿ. ನಮ್ಮಣ್ಣ ಕಾಯಾಕ ನಿಂತಾನ. ಕಾಯಬ್ಯಾಡ ಅಂತ ನಾ ಅನ್ನಂಗಿಲ್ಲ. ಆದ್ರ ಇಲ್ಲಿ ಫ್ಯಾನಿನ ಕೆಳಗ ನಿಂತು, ಹೋಗು, ಎದಿ ಒಡ್ಡು ಅನ್ನಾಕ ನನಗ ಬಾಯಿ ಬರಂಗಿಲ್ರಿ. ಯುದ್ಧದ ಮಾತು ನಾಲ್ಕು ನಿಮಿಷಕ್ಕ ಮುಗೀತು. ಅವ್ವನ ರೊಟ್ಟಿ ಮಾತು ಹೇಳಾಕ ಹೊತ್ತು ಸಾಲವಲ್ದು."

ಪ್ರಾಂಶುಪಾಲರು ಯಮನಪ್ಪನ ಕಡೆ ಕೈಸನ್ನೆ ಮಾಡಿದರು. ಹಂಪಿಹೊಳಿ ಸರ್ "ಗಂಟಿ! ಗಂಟಿ!" ಅಂದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಎಲ್ಲರೂ ಕೇಳುತ್ತಾರೆ, ಆ ದಿನ ಗಂಟೆಗೇ ಒಬ್ಬ ಬೆರಳು ಕೊಟ್ಟಿದ್ದ. ಅವನು ಯಾರ ಕಡೆಯೂ ನೋಡಲಿಲ್ಲ, ನೆಟ್ಟಗೆ ನಿಂತಿದ್ದ. ಹಿಂದೆ ಪಹರೆಗೆ ಹೀಗೇ ನಿಲ್ಲುತ್ತಿದ್ದನೋ ಏನೋ.

ಕೊನೆಗೆ ಹಿರಿಯ ನಿರ್ಣಾಯಕರು ಎದ್ದು ಕೇಳಿದರು, "ಏನಮ್ಮಾ, ನೀನು ಪರವೋ ವಿರೋಧವೋ? ಒಂದು ಹೇಳು."

"ನಾ ಅಡಿವೆಪ್ಪನ ತಂಗಿರಿ" ಅಂದಳು. ಆಮೇಲೆ ಯಮನಪ್ಪನ ಕಡೆ ತಿರುಗಿ, "ಮುಗೀತ್ರಿ ಕಾಕಾ" ಅಂದಳು.

ಆಗ ಬೆರಳು ಸರಿಯಿತು. ಅವನು ನನ್ನನ್ನು ಒಂದೇ ಒಂದು ಸಲ ಬಾರಿಸಿದ. ಕಾಲೇಜಿಗೆ ಬಂದ ಮೇಲೆ ನಾನು ಮಾತನ್ನು ಕತ್ತರಿಸದೆ ಕೂಗಿದ್ದು ಅದೊಂದೇ ಸಲ. ಚಪ್ಪಾಳೆ ಬೀಳಲಿಲ್ಲ. ಒಂದು ಮೂಲೆಯಲ್ಲಿ ಯಾರೋ ಅಳುತ್ತ ಮೂಗು ಎಳೆದುಕೊಂಡದ್ದು ಕೇಳಿಸಿತು.

ಅವಳನ್ನು ಸ್ಪರ್ಧೆಯಿಂದ ತೆಗೆದುಹಾಕಿದರು, ಪರ ಅಂತ ಹೆಸರು ಕೊಟ್ಟು ಪರ ಮಾತಾಡಲಿಲ್ಲ, ಹೊತ್ತನ್ನೂ ಮೀರಿದಳು ಅಂತ. ಶೀಲ್ಡು ಬೇರೆ ಊರಿಗೆ ಹೋಯಿತು. ಹಂಪಿಹೊಳಿ ಸರ್ ತಿಂಗಳಗಟ್ಟಲೆ ಅವಳ ಜೊತೆ ಮಾತು ಬಿಟ್ಟರು. ಯಮನಪ್ಪನಿಗೆ ನೋಟಿಸು ಬಂತು: ಐದನೇ ನಿಮಿಷಕ್ಕೆ ಗಂಟೆ ಏಕೆ ಬಾರಿಸಲಿಲ್ಲ, ಬರೆದು ಕೊಡಿ. ನೌಕರಿ ಹೋಗುವ ಮಾತೂ ಎದ್ದಿತ್ತು. ಅವನು ಬಹಳ ಹೊತ್ತು ಕೂತು ಒಂದೇ ಸಾಲು ಬರೆದ: "ಗಂಟೆಯ ನಾಲಗೆ ಸಿಕ್ಕಿಕೊಂಡಿತ್ತು."

ಹಸೀ ಸುಳ್ಳು! ಆದರೆ ಆ ಸುಳ್ಳು ಹೊತ್ತುಕೊಳ್ಳಲು ನನಗೆ ಬೇಸರವಾಗಲಿಲ್ಲ. ಅವರು ಒಪ್ಪಿಕೊಂಡರು. ಅವನ ನೌಕರಿ ಉಳಿಯಿತು. ನಾನು ಕೆಟ್ಟ ಗಂಟೆ ಅಂತ ದಾಖಲಾದೆ. ನನ್ನ ಜಾಗಕ್ಕೆ ಕರೆಂಟಿನ ಬಜರ್ ತಂದರು. ಐದು ನಿಮಿಷವಾದರೆ ಅದು ತಾನೇ ಕಿರುಚುತ್ತದೆ. ಬೆರಳು ಹಾಕಿ ಹಿಡಿಯೋಣವೆಂದರೆ ಅದಕ್ಕೆ ನಾಲಗೆಯೇ ಇಲ್ಲ.

ನನ್ನನ್ನು ಕಪಾಟಿನಲ್ಲಿ ಇಡಲು ಬಂದವನು ಯಮನಪ್ಪನೇ. ಹಿಂದೆಯೇ ಶಿವಲೀಲಾ ಓಡುತ್ತ ಬಂದಳು. "ಕಾಕಾ, ಫೋನ್ ಬಂತ್ರಿ! ಗುಡ್ಡದ ಮ್ಯಾಲ ಲೈನ್ ಇರ್ಲಿಲ್ಲಂತ. ಅವ್ವ ಒಂದ ಮಾತು ಕೇಳಿದ್ಳು, ಉಂಡಿಯೇನೋ ಅಂತ." ಹೇಳಿ ಅಲ್ಲೇ ಹೊಸ್ತಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅತ್ತು ಮುಗಿಸುವ ತನಕ ಯಮನಪ್ಪ ನನ್ನನ್ನು ಕೈಯಲ್ಲೇ ಹಿಡಿದು ನಿಂತಿದ್ದ.

ಆಮೇಲೆ ನನ್ನ ನಾಲಗೆಗೆ ಬಟ್ಟೆ ಸುತ್ತಿದ. ಪ್ರತಿ ವರ್ಷ ಹಲ್ಲಿನಿಂದ ಜಗ್ಗಿ, ಬಿಚ್ಚಲು ಬಾರದ ಹಾಗೆ ಬಿಗಿಯುತ್ತಿದ್ದ. ಆ ದಿನ ಮಾತ್ರ ಜಾರುಗಂಟು ಹಾಕಿ, ಬಟ್ಟೆಯ ತುದಿಯನ್ನು ನನ್ನ ಬಾಯಿಂದ ಹೊರಗೆ ಬಿಟ್ಟ. ಹುಡುಗಿಗೆ ತೋರಿಸಿ ಹೇಳಿದ, "ನೋಡು ತಂಗಿ, ಸಣ್ಣ ಹುಡುಗರೂ ಜಗ್ಗಿದ್ರ ಬಿಚ್ಚತೈತಿ."

ಅವನು ನಿವೃತ್ತನಾಗಿ ಹೋದ. ಅವಳು ಕಾಲೇಜು ಮುಗಿಸಿ ಹೋದಳು. ನಾನು ಇಲ್ಲೇ ಇದ್ದೇನೆ. ವರ್ಷಕ್ಕೊಮ್ಮೆ ಗೋಡೆಯಾಚೆ ಬಜರ್ ಕಿರುಚುತ್ತದೆ, ಯಾರದೋ ಮಾತು ನಡುವೆಯೇ ನಿಲ್ಲುತ್ತದೆ. ಕತ್ತಲಲ್ಲಿ ನನ್ನ ಮೈ ಹಸಿರುಗಟ್ಟಿದೆ. ಬಟ್ಟೆ ಜೀರ್ಣವಾಗಿದೆ. ಅದರ ತುದಿ ಮಾತ್ರ ಇನ್ನೂ ಹೊರಗೇ ಇದೆ.